ನಿಂಬೆ ಕಡೆಯ ಎಲೆಗಳು

ಫೆಬ್ರುವರಿ 26

ಗಿಡ ಹೂ ಹಿಡಿದಿದೆ. ಗಿಡವನ್ನು ಹಳದಿ ಹಿಡಿದಿದೆ.

ಬೆಳಿಗ್ಗೆ ಕಾಫಿ ಲೋಟದೊಂದಿಗೆ ಹಿತ್ತಲಿಗೆ ಹೋದಾಗ ನೋಡಿದೆ. ಕೆಳಗಿನ ಅಗಲ ಎಲೆಗಳು ಹಳೆಯ ಕಡತದ ಬಣ್ಣಕ್ಕೆ ತಿರುಗಿವೆ. ಮೇಲೆ ಹೂಗೊಂಚಲುಗಳು ಬಿಳಿ ಕೂದಲು ಬಿಟ್ಟುಕೊಂಡು ಮೇಲ್ಮನೆಯ ಸದಸ್ಯರ ಹಾಗೆ ಗಂಭೀರವಾಗಿ ಕೂತಿವೆ. ಭಂಗಿ ಗಿಡದ ಭಂಗಿಗೇನೂ ಕೊರತೆಯಿಲ್ಲ, ಮುಖದಲ್ಲಿ ಕಳೆಯಿಲ್ಲ. ಊರೆಲ್ಲ ಇಂಗ್ಲಿಷಿನಲ್ಲಿ ಕಳೆಯೆಂದೇ ಕರೆಯುವ ಗಿಡಕ್ಕೆ ಕಳೆಯಿಲ್ಲವೆಂದರೆ ಹೇಗೆ ಎಂದು ಒಳಗೆ ಮಲಗಿದ್ದ ಹೆಂಡತಿ ಲಿನೆಟ್‌ಗೆ ವರದಿ ಒಪ್ಪಿಸಿದೆ.

"ಸಂಸತ್ತಲ್ಲಿ ಕೂತ್ಕೊಂಡು ಜನ್ಮವೆಲ್ಲ ಬೇರೆಯವರ ಭಾಷಣ ತಿದ್ದಿದೋನು ನೀನು. ನಿನ್ನ ಮಾತು ತಿದ್ದೋರು ಯಾರೂ ಇಲ್ವಲ್ಲೋ, ಅಲಿಸ್ಟರ್," ಎಂದಳು.

ನಕ್ಕಳು. ನಕ್ಕದ್ದಕ್ಕೆ ದಂಡ ಕಟ್ಟುವವಳಂತೆ ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿದಳು. ಇನ್ನು ಮೇಲೆ ತಮಾಷೆಯನ್ನೂ ಅಳತೆ ನೋಡಿ ಬಡಿಸಬೇಕು.

ಜನವರಿಯಲ್ಲಿ ಅವಳು ಕ್ಯಾನ್ಸರಿನ ಮದ್ದು ಇನ್ನು ಸಾಕು ಎಂದಳು. ಡಾಕ್ಟರು ಒಪ್ಪಿದರು. ನಾನು ಒಪ್ಪಿದವನ ಹಾಗೆ ಮುಖ ಮಾಡಿದೆ. ಅವಳ ತಮ್ಮ ರೆಕ್ಸ್ ಅದನ್ನೂ ಮಾಡಲಿಲ್ಲ. ಭಾನುವಾರದ ಊಟದ ಮೇಜಿನಲ್ಲಿ "ನೀನು ಹೇಡಿ ಕಣೇ ಅಕ್ಕಾ" ಎಂದು ಕೂಗಿ, ಕುರಿಮಾಂಸದ ತಟ್ಟೆ ಬಿಟ್ಟು ಎದ್ದು ಹೋದವನು ಈ ಕಡೆ ಮತ್ತೆ ತಲೆ ಹಾಕಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಲಿನೆಟ್ ಅವನ ಹೆಸರೆತ್ತುವುದಿಲ್ಲ.

ಅವಳಿಗೆ ಈಗ ಬೇಕಾದದ್ದು ನಿದ್ದೆ. ಡಾಕ್ಟರು ಕೊಟ್ಟ ಹನಿಗಳು ತಲೆ ತಿರುಗಿಸುತ್ತವೆ, ಕಣ್ಣು ಮುಚ್ಚಿಸುವುದಿಲ್ಲ. ಹೋದ ವರ್ಷ ಅವಳೇ ಬೆಳೆದ ಗಿಡದ ಹೂವನ್ನು ಬೆಣ್ಣೆಯಲ್ಲಿ ಕಾಯಿಸಿ ತಿಂದರೆ ನೋವು ಎದ್ದು ಆಚೆ ಕುರ್ಚಿಯಲ್ಲಿ ಹೋಗಿ ಕೂರುತ್ತಿತ್ತು. ಅವಳು ಬೆಳಗಿನ ತನಕ ಮಲಗುತ್ತಿದ್ದಳು. ಆ ಡಬ್ಬಿ ಮುಗಿದಿದೆ. ಕ್ಯಾನ್‌ಬೆರಾದ ಕಾನೂನು ತಲೆಗೆ ಎರಡು ಗಿಡ ಬೆಳೆಸಿಕೊಳ್ಳಿ, ಬಯಲಲ್ಲೇ ಬೆಳೆಸಿ, ಬೇರೆ ಯಾರಿಗೂ ಕೊಡಬೇಡಿ ಎನ್ನುತ್ತದೆ. ನಮ್ಮದು ಎರಡು ತಲೆಗೆ ಒಂದೇ ಗಿಡ. ಹೋದ ವರ್ಷ ಶೆಡ್ಡಿನ ಹಿಂದೆ ಇತ್ತು. ಈ ಸಲ ನಾನೇ ನಿಂಬೆ ಮರದ ಪಕ್ಕ ನೆಟ್ಟೆ, ಅವಳಿಗೆ ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಕಾಣಲಿ ಎಂದು. ಏಪ್ರಿಲ್‌ನಲ್ಲಿ ಇಲ್ಲಿಯ ಚಳಿ ಶುರುವಾಗಿ ಇಬ್ಬನಿ ಹೆಪ್ಪುಗಟ್ಟುವ ಮೊದಲು ಹೂ ಬಲಿಯಬೇಕು. ಅಷ್ಟಾದರೆ ಸಾಕು.

ಫೆಬ್ರುವರಿ 28

ಪಕ್ಕದ ಮನೆಯ ವೆಸ್ನಾ ಬೇಲಿಯ ಮೇಲಿಂದ ಗಿಡವನ್ನು ಪರೀಕ್ಷಿಸಿದರು. ಎಂಬತ್ತು ದಾಟಿದ ಕ್ರೊಯೇಷಿಯಾದ ಹೆಂಗಸು. ಅವರ ಹಿತ್ತಲಿನ ಮೆಣಸಿನ ಗಿಡಗಳು ಅವರ ಗಂಡನಿಗಿಂತ ಹೆಚ್ಚು ಹೇಳಿದ ಮಾತು ಕೇಳುತ್ತವೆ.

"ಹಸಿವು ಅದಕ್ಕೆ. ಬಸುರಿ ಹೆಂಗಸನ್ನ ಉಪವಾಸ ಕೆಡವಿದ್ರೆ ಇನ್ನೇನಾಗತ್ತೆ? ಕೋಳಿ ಗೊಬ್ಬರ ಹಾಕಪ್ಪ."

"ಎಷ್ಟು ಹಾಕ್ಲಿ?"

"ಒಂದು ಹಿಡಿ. ನನ್ನ ಹಿಡಿ. ನಿನ್ನದು ಪೆನ್ನು ಹಿಡಿಯೋ ಕೈ, ಅದರಲ್ಲಿ ಏನು ಹಿಡಿಯತ್ತೆ?"

ಹಾಕಿದೆ. ನನ್ನ ಹಿಡಿಯಲ್ಲಿ ಮೂರು ಸಲ. ಲಿನೆಟ್‌ಗೆ ಕುಂಬಳಕಾಯಿ ಸೂಪು ಮಾಡಿದೆ. ಅರ್ಧ ಬಟ್ಟಲು ಕುಡಿದು ಬೇಡವೆಂದಳು. ನನ್ನ ಒತ್ತಾಯಕ್ಕೆ ಇನ್ನೆರಡು ಚಮಚ ಕುಡಿದಳು.

ಮಾರ್ಚ್ 8

ಹಳದಿ ಹೆಚ್ಚಾಗಿದೆ. ಎಲೆಯ ತುದಿಗಳು ಕಂದಿ, ಸುಟ್ಟ ಹಾಗೆ ಮುರುಟಿವೆ. ಭೂತಗನ್ನಡಿ ತಂದು ಎಲೆಗಳ ಬೆನ್ನು ನೋಡಿದೆ. ನುಸಿ ಇಲ್ಲ, ಬಲೆ ಇಲ್ಲ, ಮೊಟ್ಟೆ ಇಲ್ಲ. ಮಣ್ಣಿನಲ್ಲಿ ಬೆರಳು ಇಳಿಸಿದೆ: ಕೆಸರೂ ಅಲ್ಲ, ಒಣಗಿಯೂ ಇಲ್ಲ. ನರ್ಸರಿಯಿಂದ ಡಬ್ಬಿ ತಂದು ಮಣ್ಣಿನ ಹುಳಿ ಪರೀಕ್ಷಿಸಿದೆ. ಬಣ್ಣ ಹಸಿರು ಬಂತು, ಹಸಿರೆಂದರೆ ಸರಿಯಾಗಿದೆಯಂತೆ. ಗಿಡವೊಂದು ಬಿಟ್ಟು ಎಲ್ಲವೂ ಹಸಿರಾಗಿದೆ.

ಹಾಗಾದರೆ ವೆಸ್ನಾ ಹೇಳಿದ್ದೇ ನಿಜ, ಹಸಿವು. ಮತ್ತಷ್ಟು ಕೋಳಿ ಗೊಬ್ಬರ ಕೊಟ್ಟೆ. ಗಿಡದ ಸುತ್ತ ನೊಣಗಳ ಅಧಿವೇಶನ ಸೇರಿದೆ.

ಮನೆಗೆ ಬರುವ ನರ್ಸ್ ಇವತ್ತು ನನ್ನನ್ನು ಅಡುಗೆಮನೆಗೆ ಕರೆದು, "ತಿನ್ನು ತಿನ್ನು ಅಂತ ಬಲವಂತ ಮಾಡ್ಬೇಡಿ. ಅವರ ಮೈಗೆ ಈಗ ಬೇಕಾಗಿಲ್ಲ," ಎಂದಳು. ಒಳ್ಳೆಯ ಹುಡುಗಿ. ಆದರೆ ಊಟ ಬಿಡಿಸುವುದನ್ನೂ ಇವರಿಗೆ ಕಾಲೇಜಿನಲ್ಲಿ ಕಲಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಮೊಟ್ಟೆಯ ಕಸ್ಟರ್ಡ್ ಮಾಡಿದೆ. ಹಾಗೇ ಉಳಿಯಿತು. ನಾನೇ ತಿಂದೆ.

ಲಿನೆಟ್ ಬಿಸಿ ನೀರಿಗೆ ನಿಂಬೆ ಹಿಂಡಿ ಕೊಡು ಎಂದಳು. ಕೊಟ್ಟೆ. "ಅಪ್ಪನ ಮರದ್ದು," ಎಂದು ಲೋಟ ಮೂಸಿದಳು. ನನ್ನ ಮಾವ ನೆಟ್ಟ ಮರ ಅದು. ಮನೆಯ ಗಂಡಸರೆಲ್ಲ ಒಂದಕ್ಕೆ ಆ ಮರದ ಬುಡಕ್ಕೇ ಹೋಗಬೇಕೆಂದು ಮಾವ ಕಟ್ಟಳೆ ಮಾಡಿದ್ದರು. ಈ ದೇಶದ ಹಿತ್ತಲುಗಳಲ್ಲಿ ಇದೇನು ಹೊಸದಲ್ಲ. ನಿಂಬೆಗೆ ಅದಕ್ಕಿಂತ ಒಳ್ಳೆ ಗೊಬ್ಬರವಿಲ್ಲವೆಂದು ಎಲ್ಲರೂ ನಂಬಿದ್ದಾರೆ. ಮದುವೆಯಾದ ಹೊಸತರಲ್ಲಿ ಮಾವ ನನ್ನನ್ನೂ ಮರದ ತನಕ ಕರೆದುಕೊಂಡು ಹೋಗಿದ್ದರು. ನಾನು ಆಕಾಶ ನೋಡಿ, ನಕ್ಷತ್ರಗಳ ವಿಷಯ ಮಾತಾಡಿ, ಒಳಗಿನ ಬಚ್ಚಲಿಗೆ ಹೋಗಿಬಂದೆ. "ನೀನು ಈ ಮನೆಗೆ ಇನ್ನೂ ನೆಂಟನೇ ಕಣಯ್ಯ," ಎಂದರು. ಸಾಯುವ ತನಕ ಹಾಗೇ ಕರೆದರು.

"ಅಪ್ಪ ಇದ್ದಿದ್ರೆ ನೆಂಟ ಕೊಟ್ಟ ಪಾನಕ ಅಂತಿದ್ರು," ಎಂದಳು ಲಿನೆಟ್. ಲೋಟ ಪೂರ್ತಿ ಕುಡಿದಳು.

ಮಾರ್ಚ್ 13

ಇವತ್ತು ಒಂದು ವಿಚಿತ್ರ ಕಂಡೆ. ಗಿಡದ ಒಂದು ಮಗ್ಗುಲು ಮಾತ್ರ ಸುಟ್ಟಿದೆ. ನಿಂಬೆಯ ಕಡೆಯದು. ಮನೆಯ ಕಡೆಯ ಎಲೆಗಳು ಕೆಳಗಷ್ಟೇ ಹಳದಿ. ಮೇಲೆ ಹಸಿರಾಗಿ, ಹೂ ದಪ್ಪವಾಗಿ, ಜಿಗುಟಾಗಿವೆ. ಸಂಸತ್ತಿನಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎದುರುಬದುರು ಕೂತ ಹಾಗೆ ಒಂದೇ ಗಿಡದಲ್ಲಿ ಎರಡು ಬಣ್ಣ.

ಇದು ರೋಗವಾಗಿದ್ದರೆ ಹೀಗೆ ಗೆರೆ ಎಳೆದು ಕೂರುತ್ತಿರಲಿಲ್ಲ. ಹಸಿವಾಗಿದ್ದರೆ ಎರಡೂ ಕಡೆ ಸಮನಾಗಿರುತ್ತಿತ್ತು. ನಿಂಬೆಯ ಬೇರು ಇದರ ಬೇರನ್ನು ಹಿಂಡುತ್ತಿದೆಯೇ? ಆ ಕಡೆ ಉಪ್ಪು ಸೇರಿದೆಯೇ? ಗೊತ್ತಾಗಲಿಲ್ಲ. ಕೋಳಿ ಗೊಬ್ಬರ ನಿಲ್ಲಿಸಿದೆ. ಆ ಕಡೆಯ ಮಣ್ಣಿಗೆ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆದೆ.

ಲಿನೆಟ್ ಕಿಟಕಿಯಲ್ಲಿ ನೋಡುತ್ತಿದ್ದಳು. "ಅದಕ್ಕೆ ಇನ್ನೇನೂ ಬೇಡ್ವೇನೋ ಕಣೋ. ಬಿಟ್ಬಿಡು," ಎಂದಳು.

ಬಿಡುವುದು ಹೇಗೆ? ಸುಟ್ಟಿರುವುದು ಅವಳ ನಿದ್ದೆಯ ಅರ್ಧ ಭಾಗ.

ಮಾರ್ಚ್ 17

ನಿದ್ದೆ ಇಲ್ಲ, ಅವಳಿಗೆ. ಬೆಳಕು ಹರಿಯುವ ಮೊದಲೇ ಕಿಟಕಿಯ ಪರದೆ ಸರಿಸು ಎನ್ನುತ್ತಾಳೆ. ಚಳಿ ಒಳಗೆ ಬರುತ್ತದೆಂದರೆ ಕೇಳುವುದಿಲ್ಲ.

"ಗಿಡ ನೋಡ್ಬೇಕು."

"ಈ ಕತ್ತಲಲ್ಲಿ ಏನು ಕಾಣತ್ತೆ?"

"ಕಾಣೋಷ್ಟು ಕಾಣತ್ತೆ. ನೀನು ಹೋಗಿ ಮಲಕ್ಕೋ."

ಪರದೆ ಸರಿಸಿ, ಇನ್ನೊಂದು ಕಂಬಳಿ ಹೊದಿಸಿ ಬಂದೆ. ಗಿಡದ ಮೇಲೆ ಅವಳಿಗೆ ಅಷ್ಟು ಜೀವ. ಅದನ್ನು ಉಳಿಸಿಕೊಡಲೇಬೇಕು.

ಮಾರ್ಚ್ 22

ತೊಳೆದದ್ದು ಫಲ ಕೊಟ್ಟಂತೆ ಕಂಡಿತ್ತು. ಇವತ್ತು ಮತ್ತೆ ಹೊಸ ಎಲೆಗಳು ಸುಟ್ಟಿವೆ. ಬುಡದ ಮಣ್ಣು ಒದ್ದೆ. ನಾನು ನೀರು ಹಾಕಿರಲಿಲ್ಲ. ಮೊಣಕಾಲೂರಿ ಮೂಸಿ ನೋಡಿದೆ. ಎಪ್ಪತ್ತರ ಹತ್ತಿರದ ಮನುಷ್ಯ, ಲ್ಯಾಟಿನ್ ಓದಿದವನು, ಬೆಳಗಾಗೆದ್ದು ಮಣ್ಣು ಮೂಸುವುದು! ಅನುಮಾನವೇ ಇಲ್ಲ: ಉಚ್ಚೆ.

ಬೇಲಿಯಾಚೆಯಿಂದ ವೆಸ್ನಾ, "ಏನಪ್ಪ, ಅಲ್ಲೇ ಪೂಜೆ ಶುರು ಮಾಡಿದ್ಯಾ?" ಎಂದರು.

"ಯಾವುದೋ ಪ್ರಾಣಿ ಬಂದು ಗಿಡಕ್ಕೆ ಮಾಡಿ ಹೋಗ್ತಿದೆ. ರಾತ್ರಿ ಮರ ಇಳಿದು ಬರೋ ಪೋಸಮ್ ಇರ್ಬೇಕು."

"ಪೋಸಮ್ ಇಷ್ಟು ಮಾಡತ್ತಾ? ಹಾಗಿದ್ರೆ ಅದು ಬಿಯರ್ ಕುಡಿದಿರ್ಬೇಕು," ಎಂದು ನಗುತ್ತಾ ಒಳಗೆ ಹೋದರು.

ನರಿ ಇರಬಹುದು. ಮಜುರಾ ಗುಡ್ಡದ ಕಡೆಯಿಂದ ಇಳಿಯುತ್ತವೆ. ನಾಳೆ ಬೆಳಕಾಗುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಪೊರಕೆ ಹಿಡಿದು ಕೂರುತ್ತೇನೆ.

ಮಾರ್ಚ್ 23

ಬೆಳಕಾಗುತ್ತಿದ್ದ ಹಾಗೆ ಹಿಂದಿನ ಓಣಿಯ ಗೇಟು ಕಿರುಗುಟ್ಟಿತು. ನರಿಗೆ ಗೇಟು ತೆಗೆಯಲು ಬರುವುದಿಲ್ಲ. ಬಂದವನು ರೆಕ್ಸ್.

ಶಾಲೆಯ ಬಸ್ಸು ಓಡಿಸುವವರ ಹಳದಿ ಜಾಕೆಟ್ಟು ಹಾಕಿದ್ದ. ಹುಲ್ಲಿನ ಮೇಲೆ ಸದ್ದು ಮಾಡದೆ ಬಂದು ನಿಂಬೆ ಮರಕ್ಕೆ ಒಂದು ಕೈ ಊರಿ ನಿಂತ. ಬಹಳ ಹೊತ್ತು ಏನೂ ಮಾಡಲಿಲ್ಲ. ತಲೆ ಬಗ್ಗಿಸಿ ನಿಂತೇ ಇದ್ದ, ಭುಜ ಅಲುಗುತ್ತಿತ್ತು. ಆಮೇಲೆ ಜಾಕೆಟ್ಟಿನ ತೋಳಿನಿಂದ ಮುಖ ಒರೆಸಿಕೊಂಡು, ಅವರಪ್ಪನ ಕಟ್ಟಳೆ ಪಾಲಿಸಲು ಶುರುಮಾಡಿದ. ಮೊದಲು ಮರಕ್ಕೆ. ಅನಂತರ, ನೋಡನೋಡುತ್ತಿದ್ದ ಹಾಗೆ, ಬಹಳ ಜಾಗರೂಕತೆಯಿಂದ ಸ್ವಲ್ಪ ಪಕ್ಕಕ್ಕೆ ತಿರುಗಿ, ಗಿಡಕ್ಕೆ.

ಪೊರಕೆ ಹಿಡಿದೇ ಹೊರಗೆ ಹೋದೆ.

"ಭಾವಾ! ಮುಗಿಸೋಕಾದ್ರೂ ಬಿಡಿ!" ಬೆಚ್ಚಿ ತಿರುಗಿದ. ತಿರುಗಿದ್ದರಿಂದ ನನ್ನ ಚಪ್ಪಲಿಗೂ ಗೊಬ್ಬರ ಸಿಕ್ಕಿತು.

"ಗಿಡಕ್ಕೆ ಯಾಕೋ ಹಾಕ್ತಿದೀಯ?"

"ಹಳದಿ ಆಗ್ತಿತ್ತಲ್ಲ. ಅಕ್ಕನ ಗಿಡ ಅಲ್ವಾ. ನಿಮಗೆ ತೋಟದ ಕೆಲಸ ಬರಲ್ಲ, ಎಲ್ಲಾದ್ರೂ ಸಾಯಿಸಿಬಿಡ್ತೀರ ಅಂತ..." ಅವನು ಜಿಪ್ಪು ಎಳೆದುಕೊಂಡ. "ಅಪ್ಪ ಹೇಳ್ತಿದ್ರಲ್ಲ, ಹಳದಿಗೆ ಇದೇ ಮದ್ದು ಅಂತ. ನನ್ನ ಹತ್ರ ಇರೋದು ಇದೊಂದೇ. ಕೊಟ್ಟೆ."

"ಅದು ನಿಂಬೆಗೆ ಕಣಪ್ಪಾ! ಇದರ ಬೇರು ಸುಟ್ಟುಹೋಗಿದೆ."

ಅವನು ಗಿಡದ ಕಡೆ ನೋಡಿದ. ಆ ಮುಖ ನಾನು ನೋಡಬಾರದಿತ್ತು.

"ನಾನು ಒಂದು ಕಡೆಯಿಂದ ಕೋಳಿ ಗೊಬ್ಬರ ಹಾಕ್ತಿದ್ದೆ, ನೀನು ಇನ್ನೊಂದು ಕಡೆಯಿಂದ," ಎಂದೆ. ಪೊರಕೆ ಕೆಳಗಿಟ್ಟೆ. "ಯಾವತ್ತಿಂದ ಬರ್ತಿದೀಯ?"

"ಅವತ್ತು ಕೂಗಾಡಿ ಹೋದ್ನಲ್ಲ, ಅದರ ಮಾರನೆ ದಿನದಿಂದ. ಬಸ್ಸು ತೆಗೆಯೋಕೆ ಮುಂಚೆ."

"ಒಳಗೆ ಬರಬಾರದಾಗಿತ್ತೇನೋ?"

"ಬಾಗಿಲ ತನಕ ಬಂದಿದ್ದೆ ಭಾವಾ, ಒಂದಿನ. ಒಳಗೆ ಅವಳು ನರಳ್ತಿದ್ದಿದ್ದು ಕೇಳಿಸ್ತು. ವಾಪಸ್ ಓಡ್ಹೋದೆ."

ಆಗ ಕಿಟಕಿಯ ಗಾಜಿನ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಲಿನೆಟ್ ದಿಂಬಿಗೆ ಒರಗಿ ಕೂತು, ಉಂಗುರ ಸಡಿಲವಾಗಿರುವ ಬೆರಳಿನಿಂದ ಗಾಜು ಬಡಿಯುತ್ತಿದ್ದಳು. ನಾನು ಹೋಗಿ ಕಿಟಕಿ ತೆಗೆದೆ.

"ನಿಂತಿದ್ದು ಸಾಕು ಕಣೋ ರೆಕ್ಸ್," ಎಂದಳು. ದನಿ ಸಣ್ಣದಾಗಿದೆ; ಅಕ್ಕನ ಗತ್ತು ಸಣ್ಣದಾಗಿಲ್ಲ. "ಒಳಗೆ ಬಾ. ಕೈ ತೊಳ್ಕೊಂಡು ಬಾ."

ಅವನು ಕೈ ತೊಳೆದುಕೊಂಡು ಒಳಗೆ ಹೋದ. ನಾನು ಹಿತ್ತಲಲ್ಲೇ ಉಳಿದು ಚಪ್ಪಲಿ ತೊಳೆದೆ. ಶಾಲೆಯ ಮಕ್ಕಳು ಇವತ್ತು ಬಸ್ಸಿಗೆ ಬಹಳ ಹೊತ್ತು ಕಾದಿರಬೇಕು.

ಅದೇ ದಿನ, ಸಂಜೆ

ಲಿನೆಟ್‌ಗೆ ಎಲ್ಲ ಗೊತ್ತಿತ್ತು.

"ದಿನಾ ಬರೋನು. ಪರದೆ ತೆಗ್ಸಿದ್ದು ಮತ್ತ್ಯಾಕೆ? ನಿನ್ನ ಗಿಡ ನೋಡೋಕೆ ಅಂದ್ಕೊಂಡ್ಯಾ?"

"ಹೇಳಬಾರದಾಗಿತ್ತಾ? ನಾನು ಭೂತಗನ್ನಡಿ ಹಿಡ್ಕೊಂಡು ನುಸಿ ಹುಡುಕ್ತಾ ಇದ್ದೆ!"

"ಹೇಳಿದ್ರೆ ನೀನು ಹೋಗಿ ಹಿಡಿತಿದ್ದೆ. ಹಿಡಿದ್ರೆ ಅವನು ಇನ್ನು ಬರ್ತಿರಲಿಲ್ಲ. ಚಿಕ್ಕೋನಿದ್ದಾಗಲೂ ಹಾಗೇ. ಅಳೋವಾಗ ಯಾರೂ ನೋಡಬಾರದು ಅವನನ್ನ."

"ಅವನು ಹಾಳು ಮಾಡ್ತಿದ್ದಿದ್ದು ನಿನ್ನ ಹೂ ಕಣೇ. ನಿನ್ನ ನಿದ್ದೆ."

"ಗೊತ್ತು," ಎಂದಳು. "ಬೆಳಿಗ್ಗೆ ಅವನು ಬಂದ್ಹೋದ ಮೇಲೆ ಸ್ವಲ್ಪ ಕಣ್ಣು ಹತ್ತೋದು."



ಮಾರ್ಚ್ 31

ರೆಕ್ಸ್ ಈಗ ಮುಂಬಾಗಿಲಿನಿಂದ ಬರುತ್ತಾನೆ. ನಾವಿಬ್ಬರೂ ಗಿಡದ ವಿಷಯ ಕೂಲಂಕಷವಾಗಿ ಚರ್ಚಿಸಿದೆವು. ಕೆಳಗಿನ ಎಲೆಗಳ ಮೊದಲ ಹಳದಿ ಗಿಡದ್ದೇ: ಹೂ ಬಲಿಯುವಾಗ ಅದು ಎಲೆಯ ಸಾರವನ್ನೆಲ್ಲ ಹೂವಿಗೆ ಸಾಗಿಸಿ ಎಲೆಯನ್ನು ಕೈಬಿಡುತ್ತದೆ. ಆ ಮೇಲಿನದ್ದೆಲ್ಲ ನಮ್ಮ ಉಪಕಾರ. ನಿಂಬೆ ಕಡೆಯ ಸುಟ್ಟ ರೆಂಬೆಗಳನ್ನು ಕತ್ತರಿಸಿದೆವು. ಉಳಿದದ್ದಕ್ಕೆ ನೀರು ಬಿಟ್ಟು ಬೇರೇನಿಲ್ಲ. ದಿನಕ್ಕೊಂದೆರಡು ಎಲೆ ತಾವಾಗಿ ಉದುರುತ್ತವೆ. ಹೆಕ್ಕುವುದಿಲ್ಲ.

ರೆಕ್ಸ್ ಹಂದಿ ಮಾಂಸದ ದೊಡ್ಡ ತುಂಡು ತಂದಿದ್ದ, ಅಕ್ಕನಿಗೆ ಶಕ್ತಿ ಬರಲೆಂದು. "ಅವಳಿಗೆ ಬೇಡವಂತೆ ಕಣೋ," ಎಂದು ಫ್ರಿಜ್ಜಿನಲ್ಲಿಟ್ಟೆ. ನಾಳೆ ನಾವಿಬ್ಬರು ತಿನ್ನಬಹುದು.

ಏಪ್ರಿಲ್ 6

ಹೂವಿನ ಮೇಲಿನ ಅಂಟಿನ ಹನಿಗಳು ಗಾಜಿನ ಹಾಗೆ ಇದ್ದವು, ಈಗ ಹಾಲಿನ ಹಾಗೆ ಮಸುಕಾಗಿವೆ. ಹೂ ಬಲಿತದ್ದಕ್ಕೆ ಅದೇ ಗುರುತು. ನಾಳೆ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟುತ್ತದೆಂದು ರೇಡಿಯೋ ಹೇಳಿತು. ಮಧ್ಯಾಹ್ನವೇ ಕೊಯ್ದೆವು. ಅವಳ ಮಂಚದ ಹತ್ತಿರ ಒಂದು ರೆಂಬೆ ಹಿಡಿದೆ. ಕಣ್ಣು ಮುಚ್ಚಿ ಮೂಸಿ, "ಅರ್ಧ ಗಿಡ," ಎಂದಳು. "ಸಾಕು. ನನಗೆ ಪೂರ್ತಿ ಬೇಕಾಗಲ್ಲ."

ಹಾಸಿಗೆ ಬಟ್ಟೆಯ ಬೀರುವಿನಲ್ಲಿ ಒಣಗಲು ತೂಗುಹಾಕಿದ್ದೇವೆ. ಮನೆಯೆಲ್ಲ ಅದರದೇ ವಾಸನೆ.

ಏಪ್ರಿಲ್ 15

ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನಕ್ಕೆ, ಅಂದರೆ ಏಪ್ರಿಲ್ 25ಕ್ಕೆ, ಮೊದಲು ಹೀಟರ್ ಹಚ್ಚುವವರನ್ನು ಈ ಊರಲ್ಲಿ ಹೊರಗಿನವರೆಂದೇ ಲೆಕ್ಕ. ಲಿನೆಟ್ ಹುಟ್ಟಿದಾಗಿನಿಂದ ಹಚ್ಚಿದವಳಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಪಕ್ಕದವರ ಹೊಗೆಕೊಳವೆ ನೋಡಿ, "ಸಿಡ್ನಿಯೋರು," ಎಂದು ಮೂಗು ಮುರಿಯುವಳು.

ಇವತ್ತು "ಹಚ್ಚು," ಎಂದಳು.

ಹಚ್ಚಿದೆ.

ಏಪ್ರಿಲ್ 25

ಬೆಳಿಗ್ಗೆ ರೆಕ್ಸ್ ಯುದ್ಧ ಸ್ಮಾರಕದ ಹತ್ತಿರ ಅವರಜ್ಜನ ಪದಕಗಳನ್ನು ಹಾಕಿಕೊಂಡು ಹೋಗಿಬಂದ. ನಾನು ಓಟ್ಸ್ ಬಿಸ್ಕತ್ತು ಮಾಡಿದೆ, ಎರಡು ಡಬ್ಬಿ. ಒಂದರಲ್ಲಿ ಬರೀ ಬೆಣ್ಣೆ, ಇನ್ನೊಂದರಲ್ಲಿ ಹೂ ಹಾಕಿ ಕಾಯಿಸಿದ ಅವಳ ಬೆಣ್ಣೆ. ರೆಕ್ಸ್ ತಪ್ಪು ಡಬ್ಬಿಗೆ ಕೈ ಹಾಕಿದ.

"ಏಯ್! ಬೇರೆಯೋರಿಗೆ ಕೊಡೋದು ಕಾನೂನಿಗೆ ವಿರುದ್ಧ ಕಣೋ," ಎಂದು ಲಿನೆಟ್ ಕೈಗೆ ಹೊಡೆದಳು. ಹೊಡೆತ ಎನ್ನುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಅವನು "ಅಯ್ಯೋ" ಎಂದು ಜೋರಾಗಿ ಕೂಗಿದ.

ಅವಳು ಅರ್ಧ ಬಿಸ್ಕತ್ತು ತಿಂದಳು. ಇನ್ನರ್ಧ ತಟ್ಟೆಯಲ್ಲಿಟ್ಟಳು. ನಾನು ತಟ್ಟೆ ಎತ್ತಿಟ್ಟೆ. ಈಗ ಮಲಗಿದ್ದಾಳೆ, ಬಾಯಿ ಸ್ವಲ್ಪ ತೆರೆದು, ಮದುವೆಯ ಹೊಸತರಲ್ಲಿ ಮಲಗುತ್ತಿದ್ದ ಹಾಗೆ. ರೆಕ್ಸ್ ಕಾಲ ಬಳಿಯ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಪದಕಗಳು ಕಿಣಿಕಿಣಿ ಎನ್ನುತ್ತಿವೆ.

ಏಪ್ರಿಲ್ 30

ಮಲಗಿದ್ದಾಳೆ.

ಮೇ 23

ಬಹಳ ದಿನದಿಂದ ಬರೆದಿಲ್ಲ. ಲಿನೆಟ್ ಹೋದದ್ದು ಈ ತಿಂಗಳ ಹನ್ನೊಂದನೇ ತಾರೀಕು ಮಧ್ಯಾಹ್ನ, ನಿದ್ದೆಯಲ್ಲಿ. ಅವಳ ಒಂದು ಕೈ ರೆಕ್ಸ್ ಹಿಡಿದಿದ್ದ, ಇನ್ನೊಂದು ನಾನು. ಕಿಟಕಿಯ ಪರದೆ ತೆಗೆದೇ ಇತ್ತು. ಡಬ್ಬಿಯಲ್ಲಿ ಬಿಸ್ಕತ್ತು ಉಳಿದಿದೆ. ಅವಳ ಲೆಕ್ಕ ಸರಿಯಿತ್ತು, ಪೂರ್ತಿ ಬೇಕಾಗಲಿಲ್ಲ.

ನೆಂಟರೆಲ್ಲ ಊರಿಗೆ ಹೋದರು. ರೆಕ್ಸ್ ಮತ್ತೆ ಬಸ್ಸು ಓಡಿಸಲು ಹೋದ. ಇವತ್ತು ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಗಿಡವಿದ್ದಲ್ಲಿ ಒಂದು ಮೋಟು. ಪಕ್ಕದಲ್ಲಿ ನಿಂಬೆಹಣ್ಣುಗಳು, ಕೊಂಬೆ ಬಾಗುವಷ್ಟು, ಎಲ್ಲ ಹಳದಿ. ಆ ಹಳದಿಯನ್ನು ನಿಂತು ನೋಡಿದೆ. ಅದಕ್ಕೆ ಮಾಡಬೇಕಾದದ್ದು ಏನೂ ಕಾಣಲಿಲ್ಲ.

ಓಣಿಯ ಕಡೆ ನೋಡಿದೆ, ಯಾರೂ ಇರಲಿಲ್ಲ. ಆಕಾಶದಲ್ಲಿ ಮಾತಾಡುವುದಕ್ಕೆ ಒಂದು ನಕ್ಷತ್ರವೂ ಉಳಿದಿರಲಿಲ್ಲ. ಮರಕ್ಕೆ ಒಂದು ಕೈ ಊರಿದೆ. ತೊಗಟೆ ಆ ಜಾಗದಲ್ಲಿ ಸವೆದು ನುಣುಪಾಗಿದೆ. ಮಾವನ ಕಟ್ಟಳೆ ಪಾಲಿಸಲು ನಿಂತೆ, ಶುರುವಾಗಲು ತಡವಾಯಿತು. ಆಮೇಲೆ ಬುಡದಿಂದ ಹಬೆ ಎದ್ದಿತು.

ಬೇಲಿಯಾಚೆ ವೆಸ್ನಾ ಮೆಣಸಿನ ಗಿಡದ ಒಣ ಕಡ್ಡಿ ಕೀಳುತ್ತಿದ್ದರು. ನೋಡಿದರೋ ಇಲ್ಲವೋ. ಒಮ್ಮೆ ಕೆಮ್ಮಿ, ಬೆನ್ನು ತಿರುಗಿಸಿ ಕೂತರು.

ಒಳಗೆ ಬಂದೆ. ಕೈ ತೊಳೆದುಕೊಂಡು ಬಂದೆ.